ತೊಗಲಿನ ದಪ್ಪವನ್ನು ಕುರಿತು

ಚಿಕ್ಕೋಡಿಯ ಸೀಮೆಯಲ್ಲಿ ಮೋಟಾರುಸೈಕಲ್ಲನ್ನೇ ನಿತ್ಯವಾಹನವನ್ನಾಗಿ ಮಾಡಿಕೊಂಡವನಿಗೆ ಎರಡು ಭಯಗಳು ಸಹಜವಾದುವು: ಮಾಗಿಯ ಮುಂಜಾವಿನಲ್ಲಿ ನಿಪ್ಪಾಣಿಯ ಹತ್ತಿರದ ತವಂದಿ ಘಾಟನ್ನು ಇಳಿಯುವಾಗ ಎದೆಯನ್ನು ಇರಿಯುವ ಗಾಳಿ ಒಂದು, ಕಬ್ಬು ನುರಿಸುವ ಕಾಲದಲ್ಲಿ ಕಾಗವಾಡ, ಉಗಾರಗಳ ದಾರಿಯನ್ನೆಲ್ಲ ಆಕ್ರಮಿಸಿಕೊಂಡು, ಬೆನ್ನಿಗೆ ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು ಗಜಗಮನದಿಂದ ಸಾಗುವ ಟ್ರ್ಯಾಕ್ಟರು ಇನ್ನೊಂದು. ಮೊದಲನೆಯದಕ್ಕೆ ಕಂಬಳಿಯೂ ಸಾಕು. ಎರಡನೆಯದರ ಸಾನ್ನಿಧ್ಯದಲ್ಲಿ ಜಾರಿ ಡಾಂಬರಿನ ಮೇಲೆ ಉರುಳುವ ಪ್ರಸಂಗ ಬಂದರೆ, ಚರ್ಮವನ್ನು ಕಾಯುವುದಕ್ಕೆ ಚರ್ಮವೇ ಬೇಕು.

ಆದಕಾರಣ ತೊಗಲಿನದೊಂದು ಜಾಕೀಟನ್ನೂ, ಬೇಸಗೆಗೆಂದು ತೋಳಿಲ್ಲದ ಒಂದು ವೇಸ್ಟ್‌ಕೋಟನ್ನೂ ಸಂಪಾದಿಸಬೇಕೆಂದು ಸಂಕಲ್ಪಿಸಿ ಪೇಟೆಗಳನ್ನು ಅಲೆದಾಗ, ವರ್ತಕರು ನನಗೆ ಬೋಧಿಸಿದ ಏಕೈಕ ಶಾಸ್ತ್ರವೆಂದರೆ ದಪ್ಪದ ಶಾಸ್ತ್ರ. ಸವಾರನಿಗೆ ಆಕಳ ತೊಗಲಾದರೆ 1.2ರಿಂದ 1.4 ಮಿಲಿಮೀಟರು, ಶೋಕಿಗೆ ತೊಡುವವನಿಗೆ ಒಂದಕ್ಕಿಂತ ಕಡಮೆ. ಅಮೆರಿಕದವರು ಇದನ್ನೇ ಔನ್ಸುಗಳಲ್ಲಿ ಎಣಿಸುವರು, ಒಂದು ಔನ್ಸೆಂದರೆ ಅಂಗುಲದ 64ರಲ್ಲಿ ಒಂದು ಪಾಲು, ಅಂದರೆ ಮೂರು ಔನ್ಸಿಗೆ ಹೆಚ್ಚುಕಡಮೆ 1.2 ಮಿಲಿಮೀಟರು. ಈ ಉಡುಪಿನ ಮೂಲಪುರುಷನಾದ ನ್ಯೂಯಾರ್ಕಿನ ಅರ್ವಿಂಗ್ ಶಾಟ್ ಎಂಬಾತನು 1928ರಲ್ಲಿ, ಎದೆಗೆ ಜಿಪ್ಪನ್ನು ಜೋಡಿಸಿದ ಸವಾರರ ಜಾಕೀಟನ್ನು ಹೊಲಿದು, ತನಗೆ ಪ್ರಿಯವಾದ ಚುಟ್ಟದ ಹೆಸರನ್ನೇ ಅದಕ್ಕೆ ‘ಪರ್ಫೆಕ್ಟೊ’ ಎಂದು ಇಟ್ಟನಂತೆ. ಬೀಡಿ ತಂಬಾಕಿನ ಘಾಟಿನಲ್ಲಿಯೇ ಉಸಿರಾಡುವ ನಿಪ್ಪಾಣಿಯ ಪೇಟೆಯಲ್ಲಿ ನಿಂತು ಈ ವೃತ್ತಾಂತವನ್ನು ನೆನೆದಾಗ, ಆ ಪರದೇಶದ ಉಡುಪು ನನಗೆ ಅಷ್ಟೇನೂ ಪರಕೀಯವೆನಿಸಲಿಲ್ಲ.

ಆದರೆ ತೊಗಲಿನ ನಿಜವಾದ ಪಾಠವು ದೊರೆತದ್ದು ಅಥಣಿಯಲ್ಲಿ, ಹಿರಿಯರೊಬ್ಬರು ಚಪ್ಪಲಿ ಕಟ್ಟುತ್ತಿದ್ದ ಪಡಸಾಲೆಯಲ್ಲಿ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಮನೆಮನೆಗಳಲ್ಲಿ ತಲೆಮಾರುಗಳಿಂದ ಸಿದ್ಧವಾಗುತ್ತ ಬಂದಿದೆ. ರಾಯಬಾಗವಂತೂ ಸಂಸ್ಥಾನಗಳ ವಿಲೀನದವರೆಗೆ ಕೊಲ್ಹಾಪುರದ ಅರಸರ ಆಳ್ವಿಕೆಯಲ್ಲಿಯೇ ಇದ್ದ ಊರು. ಗೋಡೆಯ ಮೇಲೆ ಹರಳಯ್ಯ ಮತ್ತು ಕಲ್ಯಾಣಮ್ಮನವರ ಪಟವಿತ್ತು. ಹನ್ನೆರಡನೆಯ ಶತಮಾನದ ಆ ಶರಣ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಹೊಲಿದರೆಂಬ ಕಥೆಯನ್ನು ಅರಿಯದವರು ನಮ್ಮಲ್ಲಿಲ್ಲ. ಆ ಕಥೆಯಲ್ಲಿ ಮಾತ್ರ ದಪ್ಪದ ಪ್ರಶ್ನೆಯನ್ನು ಯಾರೂ ಎತ್ತಿದಂತಿಲ್ಲ.

ನಾನು ಎತ್ತಿದೆನು. “ಕಾಕಾ, ಜಾಕೀಟಿಗೆ ಎಷ್ಟು ದಪ್ಪ ಇರಬೇಕ್ರಿ?” ಎಂದುದಕ್ಕೆ ಅವರು ರಂಪಿಗೆಯನ್ನು ಕೆಳಗಿಟ್ಟು, ಎರಡು ತುಂಡುಗಳನ್ನು ನನ್ನ ಕೈಗಿತ್ತು, “ದಪ್ಪ ಇದ್ದದ್ದೆಲ್ಲಾ ಗಟ್ಟಿ ಅಲ್ರಿ ಮಾಸ್ತರ. ಹೊಟ್ಟಿ ಕಡೀದು ಎಷ್ಟ ದಪ್ಪ ಇದ್ರೂ ಜಗ್ಗತೈತಿ. ಬೆನ್ನಿಂದು ತೆಳ್ಳಗಿದ್ರೂ ಜಗ್ಗಂಗಿಲ್ಲ. ಮಡಚಿ ನೋಡ್ರಿ” ಎಂದರು. ಮಡಚಿದಾಗ ಹೊಟ್ಟೆಯ ತುಂಡು ಸಡಿಲವಾಗಿ ಸುಕ್ಕುಗಟ್ಟಿತು. ಬೆನ್ನಿನದು, ಅದರ ಅರ್ಧದಷ್ಟೇ ಇದ್ದರೂ, ಬಿಗಿಯಾಗಿಯೇ ಬಾಗಿತು. ಅವರ ತೊಡೆಯ ಮೇಲಿದ್ದ ಒಂದೇ ಚಪ್ಪಲಿಯಲ್ಲಿ ಎಲ್ಲ ದಪ್ಪಗಳೂ ಇದ್ದುವು: ತಳಕ್ಕೆ ಎಮ್ಮೆಯ ತೊಗಲಿನ ಪದರಗಳು, ಪಾದದ ಮೇಲಣ ಪಟ್ಟಿಗೆ ಅದಕ್ಕಿಂತ ತೆಳುವಾದದ್ದು, ಹೆಣ್ಣುಮಕ್ಕಳು ಹೆಣೆಯುವ ಜಡೆಗೆ ಆಡಿನ ತೊಗಲಿನ ನವುರಾದ ಎಳೆಗಳು. ಮೊಳೆಯ ಮಾತೇ ಇಲ್ಲ. ಹೊಲಿಗೆಗೂ ತೊಗಲಿನದೇ ದಾರ. ಯಾವ ಅಳತೆಗೋಲೂ ಅಲ್ಲಿರಲಿಲ್ಲ, ಹೆಬ್ಬೆರಳೊಂದೇ ಪ್ರಮಾಣ.

ಹಾಗಾದರೆ ಈ ತೊಗಲಿನಿಂದಲೇ ಜಾಕೀಟನ್ನು ಹೊಲಿಯಬಾರದೇಕೆ ಎಂಬ ನನ್ನ ದುರಾಸೆಗೆ ಅವರು ನಕ್ಕುಬಿಟ್ಟರು. ಆ ನಗುವಿಗೆ ಹದಗೊಳಿಸುವ ವಿಧಾನದಲ್ಲಿ ಕಾರಣವಿದೆ. ತೊಗಲನ್ನು ಚೀಲದಂತೆ ಹೊಲಿದು, ತೂಗುಹಾಕಿ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ಕಷಾಯವನ್ನು ಅದರೊಳಗೆ ತುಂಬಿ, ಅದು ರಂಧ್ರರಂಧ್ರದಿಂದ ಜಿನುಗುವಂತೆ ಮಾಡಿ, ವಾರಗಟ್ಟಲೆ ಕಾದು ಪಡೆಯುವ ಆ ಚಕ್ಕಳವು ತಳವಾಗಿ ಅದ್ವಿತೀಯ. ತೋಳಾಗಿ ಮಾತ್ರ ಬಾಗಲೊಲ್ಲದು. ಜಾಕೀಟಿನ ಮೃದುತ್ವವು 1884ರಲ್ಲಿ ಅಮೆರಿಕದ ಆಗಸ್ಟ್ ಶುಲ್ಟ್ಸ್ ಎಂಬ ರಸಾಯನಜ್ಞನು ಹಕ್ಕುಪತ್ರ ಪಡೆದ ಕ್ರೋಮಿಯಂ ಲವಣಗಳ ವಿಧಾನದಿಂದ ಬಂದುದು. ಮತ್ತೊಂದು ಸೂಕ್ಷ್ಮವನ್ನು ವರ್ತಕರು ಮರೆಮಾಚುವರು: ತೊಗಲಿನ ಬಲವು ಮೇಲ್ಪದರದ ಕೆಳಗೆ ಒಂದರೊಳಗೊಂದು ಹೆಣೆದುಕೊಂಡ ನಾರುಗಳಲ್ಲಿರುವುದರಿಂದ, ಎಮ್ಮೆಯ ದಪ್ಪ ತೊಗಲನ್ನು ಯಂತ್ರದಿಂದ ಸೀಳಿ 1.2ಕ್ಕೆ ಇಳಿಸಿದಾಗ ಆ ಹೆಣಿಗೆಯ ಬಹುಭಾಗವೇ ಸೀಳಿನೊಡನೆ ಹೊರಟುಹೋಗುವುದು. ಹುಟ್ಟಿನಿಂದಲೇ ತೆಳುವಾದ ಆಡಿನ ತೊಗಲಿನಲ್ಲಿ ಅದು ಇಡಿಯಾಗಿ ಉಳಿಯುವುದು. ಪಂದ್ಯದ ಸವಾರರು ತೆಳ್ಳನೆಯ ಕಾಂಗರೂ ತೊಗಲನ್ನು ಮೆಚ್ಚುವುದೂ ಅದರ ನಾರಿನ ಹೆಣಿಗೆಗಾಗಿಯೇ.

ವೇಸ್ಟ್‌ಕೋಟಿನ ವಿಷಯದಲ್ಲಿ ನನ್ನ ತೀರ್ಪು ನಿಷ್ಠುರವಾದುದು: ಬಿದ್ದವನು ಮೊದಲು ಊರುವುದು ಕೈಯನ್ನು, ಕೈಯನ್ನೇ ಬಯಲಿಗೆ ಬಿಟ್ಟ ಉಡುಪಿಗೆ ಭಾರೀ ತೊಗಲು ವ್ಯರ್ಥ ಆಡಂಬರ. ಗಾಳಿಯನ್ನು ತಡೆಯುವುದಕ್ಕೆ ಒಂದು ಮಿಲಿಮೀಟರಿನ ಆಡಿನ ತೊಗಲು ಧಾರಾಳವಾಯಿತು.

ಅಥಣಿಯಲ್ಲಿ ಕಂಡ ಆ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗ ಅದು ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸಮನಾಗಿ ಸಂದಿತು. 2025ರ ಜೂನ್ ತಿಂಗಳಲ್ಲಿ ಮಿಲಾನಿನ ವೇದಿಕೆಯ ಮೇಲೆ ಪ್ರಾಡಾ ಸಂಸ್ಥೆಯು ಇದನ್ನೇ ಹೋಲುವ ಪಾದರಕ್ಷೆಯನ್ನು ಮೆರೆಸಿ, ಆಕ್ಷೇಪಗಳೆದ್ದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಇನ್ನು ಜಾಕೀಟನ್ನು ಕೊಳ್ಳಹೊರಟ ವಾಚಕರು ಅಂಗಡಿಯಲ್ಲಿ ಮಿಲಿಮೀಟರನ್ನು ಕೇಳುವ ಮುನ್ನ ಅದು ಬೆನ್ನಿನ ಭಾಗವೋ ಹೊಟ್ಟೆಯದೋ ಎಂಬುದನ್ನು ಕೇಳಲಿ, ಭುಜ ಮೊಣಕೈಗಳಲ್ಲಿ ಜೋಡಿ ಪದರವಿದೆಯೆ ಎಂದು ನೋಡಲಿ, ಹೊಲಿಗೆಯನ್ನು ಎರಡೂ ಕೈಗಳಿಂದ ಜಗ್ಗಲಿ, ಏಕೆಂದರೆ ಬಿದ್ದಾಗ ತೊಗಲು ಹರಿಯುವುದಕ್ಕೆ ಮೊದಲೇ ಹೊಲಿಗೆ ಬಿಚ್ಚುವುದುಂಟು. ಇಷ್ಟನ್ನು ಕಲಿಯಲು ಅಥಣಿಗೆ ಹೋದರೆ ಒಂದು ಜೋಡು ಚಪ್ಪಲಿಯನ್ನೂ ಕೊಂಡು ಬನ್ನಿ. ದರದಲ್ಲಿ ಚೌಕಾಸಿ ಮಾಡಬೇಡಿ.