ನಿಂತ ಗಾಡಿಗೂ ಕಂತು

ಈಗಷ್ಟೇ ಅಮೃತೂರಲ್ಲಿ ಟೀ ಕುಡೀತಾ ಲಾರಿಯವರೊಬ್ಬರ ಜೊತೆ ಮಾತಾಡ್ದೆ. ಅವರೇ ಓನರ್, ಅವರೇ ಡ್ರೈವರ್. ಬೆಂಗಳೂರಲ್ಲಿ ತೆಂಗಿನಕಾಯಿ ಇಳಿಸಿದ್ರೆ ರಿಟರ್ನ್ ಲೋಡೇ ಸಿಗ್ತಿಲ್ವಂತೆ, ಖಾಲಿ ಗಾಡಿ ಓಡಿಸ್ಕೊಂಡು ಬಂದಿದ್ದಾರೆ. ವ್ಯಾಪಾರ ಬಿದ್ದಾಗ ದೊಡ್ಡ ಟ್ರಾನ್ಸ್‌ಪೋರ್ಟ್‌ನವರು ನಾಲ್ಕು ಗಾಡಿ ನಿಲ್ಸಿ ತಡ್ಕೋತಾರೆ. ಒಂದೇ ಗಾಡಿ ಇರೋರು ಕಂತು ಕಟ್ಟೋಕೋಸ್ಕರ ಡೀಸೆಲ್ ಖರ್ಚೂ ಗಿಟ್ಟದ ಬಾಡಿಗೆಗೆ ಒಪ್ಕೋತಾರೆ. ನಿಲ್ಸಿದ್ರೂ ಇನ್ಶೂರೆನ್ಸ್, ಟ್ಯಾಕ್ಸ್ ಬಿಡಲ್ಲ. 2020ರ ಲಾಕ್‌ಡೌನಲ್ಲಿ ಆರು ತಿಂಗಳು ಕಂತು ಮುಂದೂಡಿದ್ರು, ಬಡ್ಡಿ ಮಾತ್ರ ಓಡ್ತಾನೇ ಇತ್ತು. 2025ರ ಏಪ್ರಿಲ್‌ನಲ್ಲಿ ರಾಜ್ಯದ ಡೀಸೆಲ್ ತೆರಿಗೆ ಏರಿ ಲೀಟರಿಗೆ 2 ರೂಪಾಯಿ ಜಾಸ್ತಿ ಆದಾಗ ಲಾರಿ ಮಾಲೀಕರು ಮುಷ್ಕರಕ್ಕೇ ಇಳಿದಿದ್ರು. ಲೋಡ್ ಕಳಿಸೋ ಸ್ನೇಹಿತರೇ, ಬಾಡಿಗೆ ಬಾಕಿ ಉಳಿಸ್ಕೋಬೇಡಿ, ಅನ್‌ಲೋಡ್ ಆದ ದಿನವೇ ಕೊಟ್ಟುಬಿಡಿ. ಗುಬ್ಬಿ, ತುಮಕೂರು ಕಡೆ ಪರಿಸ್ಥಿತಿ ಹೇಗಿದೆ, ಗೊತ್ತಿದ್ದೋರು ಹೇಳಿ.