ಉಸಿರೇ ಮುಸುಕಾದಾಗ

ಬಿಸಿ ಕಾಫಿಯ ಲೋಟವನ್ನು ತುಟಿಯ ಬಳಿ ತಂದೊಡನೆ ಕನ್ನಡಕ ಮಬ್ಬಾಗಿ ಜಗತ್ತೆಲ್ಲ ಮಾಯವಾಗುವ ಅನುಭವ ಕನ್ನಡಕಧಾರಿಗಳಿಗೆಲ್ಲ ಉಂಟು. ಅದರಿಂದ ಯಾರಿಗೂ ಕೇಡಾದುದಿಲ್ಲ. ಪಂಚೆಯ ಚುಂಗಿನಿಂದ ಒರೆಸಿಕೊಂಡರೆ ತೀರಿತು. ಆದರೆ ಆ ಕನ್ನಡಕವೇ ತಲೆಯ ಮೇಲೆ ಗುಮ್ಮಟದಂತೆ ಕವಿದುಕೊಂಡಿದ್ದು, ಅದರೊಳಗೆ ಕುಳಿತಾತನು ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಆಕಾಶಮಾರ್ಗವಾಗಿ ಸಾಗುತ್ತಿದ್ದರೆ?

ಈ ಪ್ರಶ್ನೆ ನನಗೆ ಎದುರಾದುದು ನಮ್ಮ ಭಾವನವರ ದೆಸೆಯಿಂದ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ನೆಲೆಸಿರುವ ಎಂಜಿನಿಯರು ಅವರು. ಮನೆಯ ಗ್ಯಾರೇಜಿನಲ್ಲಿ ಏಳು ವರ್ಷ ದುಡಿದು, ಇಬ್ಬರು ಕೂರಬಹುದಾದ ವಿಮಾನವೊಂದನ್ನು ತಮ್ಮ ಕೈಯಿಂದಲೇ ಕಟ್ಟಿದರು. ಆ ಏಳು ವರ್ಷವೂ ಕಾರು ಹಿಮದಲ್ಲಿ ನಿಂತಿತ್ತು. ಇದು ಹುಚ್ಚೆಂದು ತೋರಬಹುದು. ಆದರೆ ಆ ಸೀಮೆಯಲ್ಲಿ ಈ ಹುಚ್ಚಿಗೆ ಒಂದು ಪರಂಪರೆಯೇ ಉಂಟು. 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಮಿಲ್ವಾಕಿ ನಗರದಲ್ಲಿ ಇಂಥ ಹವ್ಯಾಸಿಗಳ ಸಂಘವೊಂದನ್ನು ಸ್ಥಾಪಿಸಿದರು. ಅದೇ ಸಂಸ್ಥಾನದ ಆಶ್‌ಕಾಷ್ ಎಂಬ ಊರಿನಲ್ಲಿ 1970ರಿಂದ ಆ ಸಂಘದ ಬೇಸಗೆಯ ಜಾತ್ರೆ ಸೇರುತ್ತ ಬಂದಿದೆ. ಸಾವಿರಾರು ವಿಮಾನಗಳು ಅಲ್ಲಿಗೆ ಹಾರಿಬಂದು ಇಳಿಯುತ್ತವೆ. ಅಲ್ಲಿಯ ಕಾನೂನೂ ಈ ಹವ್ಯಾಸಕ್ಕೆ ಉದಾರವಾಗಿದೆ. ಕಟ್ಟುವ ಕೆಲಸದ ಬಹುಭಾಗವನ್ನು ಹವ್ಯಾಸಿಗಳೇ ವಿದ್ಯೆಗಾಗಿಯೋ ವಿನೋದಕ್ಕಾಗಿಯೋ ಮಾಡಿರಬೇಕು. ಆದರೆ ಒಳಗೆ ಕೂರುವವರ ಕಣ್ಣಿಗೆ ಬೀಳುವಂತೆ ಒಂದು ಫಲಕ ಕಡ್ಡಾಯ: ಇದು ಹವ್ಯಾಸಿ ಕಟ್ಟಿದ ವಿಮಾನ, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿಲ್ಲ, ಎಂದು. ನನ್ನ ಅಕ್ಕ ಆ ಫಲಕವನ್ನು ಓದಿದ ದಿನವೇ ತಾನು ಅದರಲ್ಲಿ ಕೂರುವುದಿಲ್ಲವೆಂದು ಶಪಥ ಮಾಡಿದ್ದಳು.

ಕಳೆದ ಡಿಸೆಂಬರಿನ ರಜೆಯಲ್ಲಿ ನಾನು ಅಲ್ಲಿಗೆ ಹೋದೆ. ಪರೀಕ್ಷಾ ಹಾರಾಟಗಳು ಬೇಸಗೆಯಲ್ಲಿಯೇ ಮುಗಿದಿದ್ದವು. ಒಂದು ಮುಂಜಾನೆ, ಶೂನ್ಯಕ್ಕಿಂತ 8 ಡಿಗ್ರಿ ಕೆಳಗಿನ ಚಳಿಯಲ್ಲಿ, ಭಾವನವರೂ ನಾನೂ ಒಳಗೆ ಕುಳಿತೆವು. ಗುಮ್ಮಟ ಮುಚ್ಚಿತು, ಎಂಜಿನ್ ಮೊರೆಯಿತು. ಒಂದು ನಿಮಿಷ ಕಳೆದಿತ್ತೋ ಇಲ್ಲವೋ, ಸುತ್ತಲೂ ಹಾಲಿನಂಥ ಬಿಳುಪು ಕವಿಯಿತು. ಭಾವನವರು ಬಟ್ಟೆಯಿಂದ ಒರೆಸಿದರು. ಒರೆಸಿದ ಜಾಗ ಮತ್ತೆ ಬೆಳ್ಳಗಾಯಿತು. ಅವರು ಮಾತಾಡದೆ ಎಂಜಿನ್ ನಿಲ್ಲಿಸಿ ಗುಮ್ಮಟವನ್ನು ಎತ್ತಿದರು. ಹತ್ತು ಮಾರು ದೂರದಲ್ಲಿ ಅಕ್ಕ ನಿಂತಿದ್ದಳು.

“ಎರಡು ಕೈಯನ್ನೂ ಬೀಸಿದೆ,” ಎಂದಳು. “ಇಷ್ಟು ಹತ್ತಿರವಿದ್ದ ನಾನೇ ನಿಮಗೆ ಕಾಣಲಿಲ್ಲವಲ್ಲ! ಮೇಲೆ ಇನ್ನೊಂದು ವಿಮಾನ ಎದುರಾದರೆ ಕಾಣುತ್ತದೆಯೇ?”

ಅವಳ ಪ್ರಶ್ನೆ ಬರಿಯ ಹೆಂಗರುಳಿನ ಅಂಜಿಕೆಯಾಗಿರಲಿಲ್ಲ. ಇಂಥ ಸಣ್ಣ ವಿಮಾನ ನಿಲ್ದಾಣಗಳಲ್ಲಿ ಬಹುಪಾಲಿಗೆ ನಿಯಂತ್ರಣ ಗೋಪುರವಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡು ದಾರಿ ಬಿಡುವುದೇ ಅಲ್ಲಿಯ ಧರ್ಮ. ನೇರ ಎದುರಿಗೆ ಬರುವ ವಿಮಾನವು ಮೊದಲು ಒಂದು ಚುಕ್ಕೆಯಾಗಿ ಮಾತ್ರ ತೋರುತ್ತದೆ. ಚುಕ್ಕೆ ದೊಡ್ಡದಾಗುವ ವೇಳೆಗೆ ಕಾಲ ಮಿಂಚಿರಬಹುದು.

ದೋಷ ಯಂತ್ರದ್ದಾಗಿರಲಿಲ್ಲ, ನಮ್ಮ ಉಸಿರಿನದಾಗಿತ್ತು. 20 ಡಿಗ್ರಿ ಶಾಖದಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು 17 ಗ್ರಾಂ ನೀರಾವಿಯನ್ನು ಧರಿಸಬಲ್ಲುದು; ಶೂನ್ಯ ಡಿಗ್ರಿಯಲ್ಲಿ 5 ಗ್ರಾಂ ಕೂಡ ಹೆಚ್ಚು. ಆದುದರಿಂದ ಬೆಚ್ಚನೆಯ ಉಸಿರು ತಣ್ಣನೆಯ ಗುಮ್ಮಟವನ್ನು ಮುಟ್ಟಿದೊಡನೆ ತನ್ನ ಭಾರವನ್ನು ಅಲ್ಲಿಯೇ ಇಳಿಸುತ್ತದೆ. ಚಳಿ ಬಲವಾಗಿದ್ದರೆ ಅದು ಹಿಮವಾಗಿ ಅಂಟಿಕೊಳ್ಳುತ್ತದೆ. ನೆಲದಲ್ಲಿ ಮಾತ್ರವಲ್ಲ, ಇಳಿಯುವಾಗಲೂ ಈ ಭಯ ತಪ್ಪಿದ್ದಲ್ಲ. ಸಾಮಾನ್ಯವಾಗಿ ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಸುಮಾರು ಆರೂವರೆ ಡಿಗ್ರಿ ಶಾಖ ತಗ್ಗುತ್ತದೆ. ಮೇಲೆ ತಣಿದ ಗುಮ್ಮಟವು ಕೆಳಗಿನ ತೇವದ ಗಾಳಿಗೆ ಬಂದಾಗ, ಓಡುದಾರಿಯನ್ನು ಕಣ್ಣಿಟ್ಟು ನೋಡಬೇಕಾದ ಗಳಿಗೆಯಲ್ಲಿಯೇ ಮುಸುಕು ಬೀಳಬಹುದು.

ಹಾಗಾದರೆ ಒಲೆಯಂಥ ಬಿಸಿಗಾಳಿಯನ್ನು ಊದಿದರಾಗದೇ ಎಂದು ಕೇಳಿದೆ. ಭಾವನವರು ನಕ್ಕರು. “ಇದು ಗಾಜಲ್ಲ ಕಣಯ್ಯ, ಅಕ್ರಿಲಿಕ್. ಕಾಯಿಸಿದರೆ ಸೊಟ್ಟಗಾದೀತು, ಕೆರೆದರೆ ಗೀರು ಬಿದ್ದೀತು, ಅಮೋನಿಯ ಬೆರೆತ ದ್ರಾವಣ ತಗುಲಿದರೆ ಕೂದಲೆಳೆಯಂಥ ಬಿರುಕು ಬಿಟ್ಟೀತು. ಮಗುವಿನ ಚರ್ಮದಂತೆ ನೋಡಿಕೊಳ್ಳಬೇಕು.” ವಿಮಾನದಲ್ಲಿ ಶಾಖಕ್ಕೇನೂ ಕೊರತೆಯಿರಲಿಲ್ಲ. ಎಂಜಿನ್ ಹೊಗೆಯ ಕೊಳವೆಗೆ ತೊಡಿಸಿದ ಕವಚದೊಳಗೆ ಹೊರಗಿನ ಗಾಳಿ ಕಾದು ಒಳಗೆ ಬರುತ್ತಿತ್ತು. ಆದರೆ ಅದು ಬರುತ್ತಿದ್ದುದು ಕಾಲಿನ ಬಳಿಗೆ. ಪಾದ ಬೆಚ್ಚಗೆ, ಕಣ್ಣಿಗೆ ಕತ್ತಲೆ. ಇದರಲ್ಲಿ ಇನ್ನೊಂದು ಗಂಡಾಂತರವೂ ಅಡಗಿದೆ. ಹೊಗೆಯ ಕೊಳವೆ ಸೀಳಿದರೆ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ಅದೇ ದಾರಿಯಲ್ಲಿ ಒಳನುಗ್ಗುತ್ತದೆ. ಅದಕ್ಕಾಗಿ ಎಚ್ಚರಿಕೆಯ ಗಂಟೆಯೊಂದನ್ನು ಅವರು ಮೊದಲೇ ಕೂರಿಸಿದ್ದರು.

ಪರಿಹಾರವು ಅಚ್ಚರಿಗೊಳಿಸುವಷ್ಟು ಸರಳವಾಗಿತ್ತು. ಕಂಪ್ಯೂಟರನ್ನು ತಂಪಾಗಿಡಲು ಅದರೊಳಗೆ ತಿರುಗುವ ಅಂಗೈಯಗಲದ ಫ್ಯಾನುಗಳನ್ನು ನೀವು ಕಂಡಿರಬಹುದು. ಅಂಥ 12 ವೋಲ್ಟಿನ ಎರಡು ಫ್ಯಾನುಗಳನ್ನು ಭಾವನವರು ಉಪಕರಣ ಫಲಕದ ಮೇಲಿನ ಹಲಗೆಯಲ್ಲಿ ಕಿಂಡಿ ಕೊರೆದು ಕೂರಿಸಿದರು. ಫಲಕದ ಹಿಂದೆ ರೇಡಿಯೊ ಮೊದಲಾದವುಗಳ ಬಿಸಿ ಸುಮ್ಮನೆ ತಂಗಿರುತ್ತದೆ. ಫ್ಯಾನುಗಳು ಆ ಬೆಚ್ಚನೆಯ ಗಾಳಿಯನ್ನೆತ್ತಿ ಗುಮ್ಮಟದ ಮುಂಭಾಗಕ್ಕೆ ಮೆಲ್ಲಗೆ ಊದುತ್ತವೆ. ಉಪಕರಣಗಳಿಗೆ ತಂಪು, ಗುಮ್ಮಟಕ್ಕೆ ಕಾವು. ಫ್ಯಾನಿನ ಅಯಸ್ಕಾಂತವು ದಿಕ್ಸೂಚಿಯನ್ನು ದಾರಿ ತಪ್ಪಿಸದಂತೆ ಅದರಿಂದ ದೂರ ಇಡಬೇಕಾಯಿತು. ಸ್ವಿಚ್ಚು ಹಾಕಿ, ಮುಳ್ಳು ಕದಲುವುದೇ ಎಂದು ಭಾವನವರು ಮತ್ತೆ ಮತ್ತೆ ನೋಡಿದರು.

ಮುಂದಿನ ವಾರ ಅಷ್ಟೇ ಚಳಿಯಲ್ಲಿ ಮತ್ತೆ ಕುಳಿತೆವು. ಮಬ್ಬು ಅಂಚುಗಳಿಂದ ಹತ್ತಿತು. ಆದರೆ ನಡುವೆ ಬೀಸಣಿಗೆಯ ಆಕಾರದಲ್ಲಿ ಒಂದು ತಿಳಿಯಾದ ಜಾಗ ತೆರೆದುಕೊಂಡು, ಕ್ರಮೇಣ ಹರಡಿತು. ಏರಿದೆವು, ಹಿಮ ಹೊದ್ದ ಹೊಲಗಳ ಮೇಲೆ ಒಂದು ಸುತ್ತು ಬಂದೆವು, ಓಡುದಾರಿ ಕೊನೆಯವರೆಗೂ ಸ್ಪಷ್ಟವಾಗಿತ್ತು.

ಆ ರಾತ್ರಿ ಊಟದ ವೇಳೆ ಭಾವನವರು ಈ ಸಾಧನಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದರು. ಕನ್ನಡದ ಎಂ.ಎ. ಆದ ನಾನು ಸುಮ್ಮನಿರಲಾದೀತೇ? “ತುಷಾರಾವರಣ ನಿವಾರಕ,” ಎಂದೆ. “ಅದನ್ನು ಹೇಳಿ ಮುಗಿಸುವಷ್ಟರಲ್ಲಿ ವಿಮಾನ ನೆಲಕ್ಕೆ ಇಳಿದಿರುತ್ತದೆ,” ಎಂದಳು ಅಕ್ಕ.

ಮರುದಿನ ಅವಳೇ ಕೋಟು ತೊಟ್ಟು ಹೊರಟಳು. ಏಣಿ ಹತ್ತಿ ಕುಳಿತ ಮೇಲೆ ಆ ಎಚ್ಚರಿಕೆಯ ಫಲಕದ ಕಡೆಗೆ ಕಣ್ಣು ಹಾಯಿಸಲಿಲ್ಲ. ಕೈಗವಸನ್ನು ಕಳಚಿ, ಕಿಂಡಿಯ ಮೇಲೆ ಅಂಗೈ ಹಿಡಿದು, ಗಾಳಿ ಬರುತ್ತಿದೆಯೇ ಎಂದು ನೋಡಿದಳು. ಅನಂತರ, “ಹೊರಡಿ,” ಎಂದಳು.