ಕ್ಯೂಆರ್ ಕೋಡ್ ಮುಚ್ಚದೆ ತೆಗೆದ ಫೋಟೊ

ಡೆಸ್ಕಿನಿಂದ ನಮಗೆ ಆಗಾಗ ಒಂದು ಮಾತು ಬರುತ್ತದೆ. 'ಜಾತ್ರೆ, ಬರ, ಶೇಂಗಾ ರೇಟು ಬಿಟ್ಟು ಬೇರೆ ಏನಾದರೂ ಕೊಡ್ರಪ್ಪ.' ಎರಡು ವರ್ಷದ ಹಿಂದೆ ಅಂಥ ಒಂದು ಬೇರೆ ಸುದ್ದಿ ಕೊಟ್ಟೆವು. ನಾಯಕನಹಟ್ಟಿ ಹೋಬಳಿಯ ಒಂದು ಸಣ್ಣ ಹಟ್ಟಿಯ ಹುಡುಗ. ಡಿಪ್ಲೊಮಾ ಓದಿ, ಮನೆಯಲ್ಲೇ ಕೂತು ಹೊರದೇಶದ ಕಂಪನಿಗೆ ಆ್ಯಪ್‌ಗಳ ವಿನ್ಯಾಸ ಮಾಡುತ್ತಿದ್ದ. ಅವರು ಕೂಲಿಯನ್ನು ಬಿಟ್‌ಕಾಯಿನ್‌ನಲ್ಲಿ ಕಳಿಸುತ್ತಿದ್ದರು. ಹಿಂದೆ ಕುರಿ ರೊಪ್ಪ, ಮುಂದೆ ಲ್ಯಾಪ್‌ಟಾಪ್ ಹಿಡಿದ ಹುಡುಗ. ಇದಕ್ಕಿಂತ ಒಳ್ಳೆಯ ಫೋಟೊ ನಮ್ಮ ಕಡೆ ಸಿಗುವುದುಂಟೆ?

'ದುಡ್ಡು ಎಲ್ಲಿಗೆ ಬರುತ್ತೆ, ಸ್ವಲ್ಪ ತೋರಿಸು' ಎಂದೆವು. ಅವನು ತೋರಿಸಿದ. ಪರದೆಯ ಮೇಲೆ ಕಪ್ಪು ಬಿಳಿ ಚೌಕ, ಅದರ ಕೆಳಗೆ ಉದ್ದನೆಯ ಅಕ್ಷರಮಾಲೆ. ಹಾಗೇ ಕ್ಲಿಕ್ಕಿಸಿದೆವು. ಪತ್ರಿಕೆಯಲ್ಲಿ ಅದು ಅಂಚೆಚೀಟಿಯಷ್ಟು ಬಂತು, ಅಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೆ ಹೆಮ್ಮೆಗೆ ಅದೇ ಫೋಟೊವನ್ನು ಪೂರ್ತಿ ಅಳತೆಯಲ್ಲಿ ನಮ್ಮ ಫೇಸ್‌ಬುಕ್ ಪುಟಕ್ಕೂ ಹಾಕಿದೆವು. ಪತ್ರಿಕೆಯವರ ತಪ್ಪು ಇಲ್ಲಿ ಒಂದಿಷ್ಟೂ ಇಲ್ಲ.

ಮೂರನೇ ದಿನ ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬರು ಕೇಳಿದರು: 'ಏನಣ್ಣ, ಆ ಹುಡುಗನ್ನ ಹಂಗೆ ಬಡವ ಅಂತ ಬರ್ದಿದ್ದೀರಿ, ಅವನತ್ರ ಇಷ್ಟೈತಂತೆ?' ಅವರು ಹೇಳಿದ್ದು ಸುಮಾರಿನ ಲೆಕ್ಕವಲ್ಲ. ಸಾವಿರ, ನೂರರ ತನಕ ಹೇಳಿದರು. ಮೊಬೈಲ್ ರಿಪೇರಿ ಅಂಗಡಿಯ ಹುಡುಗನೊಬ್ಬ ನಮ್ಮ ಫೋಟೊವನ್ನು ದೊಡ್ಡದು ಮಾಡಿ ಕೋಡ್ ಸ್ಕ್ಯಾನ್ ಮಾಡಿದ್ದ. ಬಂದ ವಿಳಾಸವನ್ನು ಯಾರು ಬೇಕಾದರೂ ತೆರೆಯಬಹುದಾದ ಒಂದು ಜಾಲತಾಣದಲ್ಲಿ ಹಾಕಿದ್ದ. ಪಾಸ್‌ವರ್ಡ್ ಬೇಡ, ಪೊಲೀಸರ ಅನುಮತಿ ಬೇಡ. ಮೊದಲ ಸಂಬಳದಿಂದ ಹಿಡಿದು ಹಿಂದಿನ ವಾರದ ತನಕ ಎಲ್ಲವೂ ಸಾಲಾಗಿ ಬಂದಿತ್ತು. ಹುಡುಗ ಮೊದಲ ಬಿಲ್ಲಿನಲ್ಲಿ ಬರೆದ ಅದೇ ವಿಳಾಸಕ್ಕೆ ಕಂಪನಿಯವರು ಉದ್ದಕ್ಕೂ ಹಾಕುತ್ತಾ ಬಂದಿದ್ದರು.

ಬಿಟ್‌ಕಾಯಿನ್ ಎಂದರೆ ಗುಟ್ಟಿನ ದುಡ್ಡು ಎಂದು ನಾವೂ ನಂಬಿದ್ದೆವು. ನಮ್ಮ ಜಾತ್ರೆಯನ್ನೇ ತೆಗೆದುಕೊಳ್ಳಿ. ತಿಪ್ಪೇರುದ್ರಸ್ವಾಮಿ ರಥ ಎಳೆಯುವ ಮುನ್ನ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ಹತ್ತಾರು ಲಕ್ಷಕ್ಕೆ ಕೂಗಿದವರ ಹೆಸರನ್ನು ಮೈಕಿನಲ್ಲಿ ಹೇಳುತ್ತಾರೆ, ಹೇಳಲೆಂದೇ ಅವರು ಕೂಗುವುದು. ಹುಂಡಿಯದು ಬೇರೆ ಲೆಕ್ಕ. ಎಣಿಸಿದ ಮೇಲೆ ಒಟ್ಟು ಮೊತ್ತ ಪತ್ರಿಕೆಗೆ ಬರುತ್ತದೆ, ಯಾರು ಎಷ್ಟು ಹಾಕಿದರು ಎನ್ನುವುದು ಬರುವುದಿಲ್ಲ. ಬಿಟ್‌ಕಾಯಿನ್ ಇವೆರಡೂ ಅಲ್ಲ. ಗಾಜಿನ ಹುಂಡಿಯ ಮುಂದೆ ಎಲ್ಲರೂ ಮುಸುಕು ಹಾಕಿಕೊಂಡು ಸಾಲು ನಿಂತ ಹಾಗೆ. ಯಾವ ಮುಸುಕಿನವರು ಯಾವತ್ತು ಎಷ್ಟು ಹಾಕಿದರು, ಎಷ್ಟು ತೆಗೆದರು ಎಂಬುದು ಶಾಶ್ವತವಾಗಿ ಬರೆದಿಟ್ಟಿರುತ್ತದೆ. ಒಂದು ಸಲ ಒಬ್ಬರ ಮುಸುಕು ಜಾರಿತೋ, ಅವರ ಹಿಂದಿನದೆಲ್ಲ ಒಟ್ಟಿಗೆ ಬಯಲು. 2010ರ ಮೇ 22ರಂದು ಅಮೆರಿಕದಲ್ಲಿ ಒಬ್ಬಾತ ಎರಡು ಪಿಜ್ಜಾಕ್ಕೆ ಕೊಟ್ಟ 10,000 ಬಿಟ್‌ಕಾಯಿನ್‌ನ ದಾಖಲೆಯನ್ನು ಇವತ್ತೂ ಚಳ್ಳಕೆರೆಯಲ್ಲಿ ಕೂತು ನೋಡಬಹುದು.

ನಮ್ಮ ಕಡೆಯ ಕುರಿ ಸಂತೆ, ದನದ ಸಂತೆಗಳಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲಿ ರೇಟು ಮಾತಾಡುತ್ತಾರೆ. ಅದರಲ್ಲಿ ಕಳ್ಳತನವಿಲ್ಲ. ಮಾರಿದವನ ಜೇಬಲ್ಲಿ ಎಷ್ಟಿದೆ ಎಂದು ಸಂತೆಗೆಲ್ಲ ಗೊತ್ತಾದರೆ ಅವನು ಮನೆ ಸೇರುವುದು ಕಷ್ಟ, ಅಷ್ಟೆ. ನಾವು ಆ ಹುಡುಗನ ಟವೆಲ್ಲನ್ನೇ ಕಿತ್ತಿದ್ದೆವು.

ವಾರದಲ್ಲಿ ಅವನ ಅಪ್ಪ ನಮ್ಮನ್ನು ಹುಡುಕಿಕೊಂಡು ಬಂದರು. ಬೈಯಲಿಲ್ಲ. 'ನಮ್ ಹುಡುಗನತ್ರ ದುಡ್ಡು ಎಷ್ಟೈತೆ ಅಂತ ನಮಗೇ ಗೊತ್ತಿರಲಿಲ್ಲ ಸಾರ್, ಬೀಗರಿಗೆ ಗೊತ್ತಾಗೈತೆ' ಎಂದರು. ಮಗಳ ಮದುವೆ ಮಾತಾಗಿತ್ತು. ಬೈಕಿಗೆ ಒಪ್ಪಿದ್ದ ಗಂಡಿನ ಕಡೆಯವರು ಈಗ ಕಾರು ಕೇಳುತ್ತಿದ್ದರು. ಕೊಡಲಾಗದು ಎಂದರೆ ಮೊಬೈಲ್ ತೆಗೆದು ಅಂಕಿ ತೋರಿಸುತ್ತಿದ್ದರು. ಆ ಅಂಕಿಯಲ್ಲಿ ಜೊತೆಗೆ ಕೆಲಸ ಮಾಡುವ ಇಬ್ಬರು ಗೆಳೆಯರ ಪಾಲೂ ಇತ್ತು, ಅದು ಪರದೆಯಲ್ಲಿ ಕಾಣುತ್ತದೆಯೇ? ಆ ಸಂಬಂಧ ನಿಂತಿತು. ವರದಕ್ಷಿಣೆ ಕೇಳುವವರ ಮನೆಗೆ ಹೋಗದಿದ್ದದ್ದೇ ಒಳ್ಳೆಯದಾಯಿತು ಎಂದು ಕೆಲವರು ನಮಗೆ ಸಮಾಧಾನ ಹೇಳಿದರು. ಬೇರೆ ಯಾರಾದರೂ ಹೇಳಬಹುದು, ನಾವು ಹೇಳುವ ಮಾತಲ್ಲ ಅದು.

ಪುಟದಿಂದ ಫೋಟೊ ತೆಗೆದೆವು. ವಾಟ್ಸ್‌ಆ್ಯಪ್‌ನಲ್ಲಿ ಹೋದದ್ದು ಹೋಗಿತ್ತು. ಹುಡುಗ ಕೇಳಿದ್ದು ಒಂದೇ ಪ್ರಶ್ನೆ: 'ಅಣ್ಣ, ಹಳೇದನ್ನ ಅಳಿಸೋಕೆ ಆಗಲ್ವಾ?' ಆಗುವುದಿಲ್ಲ. ಹೊಸ ವಿಳಾಸಕ್ಕೆ ಹಣ ಸಾಗಿಸಿದರೂ ಸಾಗಿಸಿದ ಹೆಜ್ಜೆ ಅಲ್ಲೇ ಉಳಿಯುತ್ತದೆ, ನೋಡುವವರು ಹಿಂದೆಯೇ ಬರುತ್ತಾರೆ. ಎರಡು ಮೂರು ವಿಳಾಸದ ಹಣ ಸೇರಿಸಿ ಒಂದೇ ಪಾವತಿ ಮಾಡಿದರೆ ಅವೆಲ್ಲ ಒಬ್ಬನವೇ ಎಂದು ಊಹಿಸುವುದು ಇನ್ನೂ ಸುಲಭ. ಕೊನೆಗೆ ಅವನು ಹಳೆಯ ವಿಳಾಸದಲ್ಲಿದ್ದುದನ್ನು ನೋಂದಾಯಿತ ವಿನಿಮಯ ಕೇಂದ್ರದ ಮೂಲಕ ಮಾರಿ ಬ್ಯಾಂಕಿಗೆ ಹಾಕಿಕೊಂಡ. ಅಲ್ಲಿ ಎಲ್ಲ ಗ್ರಾಹಕರ ನಾಣ್ಯ ಬೆರೆಯುವುದರಿಂದ ಹೊರಗಿನವರಿಗೆ ಜಾಡು ಮಸುಕಾಗುತ್ತದೆ. ಪ್ಯಾನ್, ಆಧಾರ್ ಕೊಟ್ಟೇ ಖಾತೆ ತೆರೆದಿರುವುದರಿಂದ ಕೇಂದ್ರದವರಿಗೂ ಸರ್ಕಾರಕ್ಕೂ ಎಲ್ಲ ಗೊತ್ತಿರುತ್ತದೆ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30 ತೆರಿಗೆ, ಆ ಜುಲೈನಿಂದ ಮಾರಾಟದ ಮೇಲೆ ಶೇ 1 ಟಿಡಿಎಸ್ ಇದೆ. ಅವನು ಆಡಿಟರ್ ಹತ್ತಿರ ಹೋಗಿ ಲೆಕ್ಕ ಕೊಟ್ಟ. ಅವನು ಮುಚ್ಚಿಡಬೇಕೆಂದದ್ದು ತೆರಿಗೆಯವರಿಂದ ಅಲ್ಲ, ಟೀ ಅಂಗಡಿಯಿಂದ.

ಈಗ ಪ್ರತಿ ಪಾವತಿಗೂ ಹೊಸ ವಿಳಾಸ ಕೊಡುತ್ತಾನೆ. ಬಹುತೇಕ ವಾಲೆಟ್‌ಗಳು ಅದನ್ನು ತಾವೇ ಮಾಡಿಕೊಡುತ್ತವೆ, ನಾವು ಹಳೆಯದನ್ನೇ ನಕಲು ಮಾಡಿ ಅಂಟಿಸುವುದೇ ತೊಂದರೆ. ಕೂಲಿ ಬರುವ ವಾಲೆಟ್ ಬೇರೆ, ಕೂಡಿಡುವುದು ಬೇರೆ. ಸ್ಕ್ರೀನ್‌ಶಾಟ್ ಯಾರಿಗೂ ಇಲ್ಲ. ಗುರುತು ಕಲಸಿಕೊಡುತ್ತೇವೆ ಎನ್ನುವ ಮಿಕ್ಸರ್‌ಗಳ ಸಹವಾಸ ಬೇಡ ಎಂದು ನಾವೇ ಹೇಳಿದೆವು, ಅಲ್ಲಿ ಕದ್ದ ಹಣದ ಜೊತೆ ನಮ್ಮದೂ ಸೇರಿ ಇನ್ನೊಂದು ಪೇಚಿಗೆ ಸಿಕ್ಕಬಹುದು. ಎಷ್ಟೇ ಜಾಗ್ರತೆ ಮಾಡಿದರೂ ಬೇರೆಯವರ ಕೈಲಿರುವ ಮಾಹಿತಿ ಸೋರಿದರೆ ಏನೂ ಮಾಡಲಾಗದು. 2020ರಲ್ಲಿ ಲೆಡ್ಜರ್ ಎಂಬ ವಾಲೆಟ್ ಕಂಪನಿಯ 2.7 ಲಕ್ಷ ಗ್ರಾಹಕರ ಹೆಸರು, ಫೋನು, ಮನೆ ವಿಳಾಸ ಬಯಲಾಗಿ, ಹಲವರಿಗೆ ಬೆದರಿಕೆ ಸಂದೇಶಗಳು ಬಂದವು.

ಈ ಪುಸ್ತಕ ಓದುವುದರಲ್ಲಿ ನಮ್ಮಂಥವರು ಎಡವುವುದೂ ಸುಲಭ. 2021ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ ಹಗರಣ ರಾಜ್ಯದ ರಾಜಕೀಯವನ್ನು ಅಲ್ಲಾಡಿಸುತ್ತಿದ್ದಾಗ ವಿರೋಧ ಪಕ್ಷದವರು ಒಂದು ಪ್ರಶ್ನೆ ಎತ್ತಿದರು. 2016ರಲ್ಲಿ ಬಿಟ್‌ಫಿನೆಕ್ಸ್‌ನಿಂದ ಕದ್ದ ನಾಣ್ಯಗಳು 2020ರ ಕೊನೆಗೂ 2021ರ ಏಪ್ರಿಲ್‌ನಲ್ಲೂ ಕದಲಿವೆ, ಅದಕ್ಕೂ ಬೆಂಗಳೂರಿನಲ್ಲಿ ಸಿಕ್ಕ ಆರೋಪಿಗೂ ಸಂಬಂಧವಿದೆಯೇ ಎಂದು. ನಾಣ್ಯ ಕದಲಿದ್ದು ನಿಜ, ಜಗತ್ತೇ ನೋಡಿತ್ತು. ಕದಲಿಸಿದ ಕೈ ಯಾರದೆಂದು ಮಾತ್ರ ಕಂಡಿರಲಿಲ್ಲ. 2022ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ದಂಪತಿಯನ್ನು ಬಂಧಿಸಿದರು, ಮರುವರ್ಷ ಗಂಡ ತಾನೇ ಆ ಹ್ಯಾಕ್ ಮಾಡಿದ್ದೆಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲೇ. ಆ ತೀರ್ಪಿನ ಸುದ್ದಿಯನ್ನು ನಾವೂ ಓದಿದ್ದೆವು, ವಾಚಕರಿಗೂ ವಿವರಿಸಿದ್ದೆವು. ಫೋಟೊ ತೆಗೆಯುವಾಗ ಅದು ನೆನಪಿಗೆ ಬರಲಿಲ್ಲ. ಈಗ ಪಾಸ್‌ಬುಕ್, ಪಹಣಿ, ಮೊಬೈಲ್ ಪರದೆ, ಯಾವುದೇ ಫ್ರೇಮಿನಲ್ಲಿ ಬಂದರೂ ಕಳಿಸುವ ಮೊದಲು ದೊಡ್ಡದು ಮಾಡಿ ನೋಡುತ್ತೇವೆ.

ಕಳೆದ ಜಾತ್ರೆಯಲ್ಲಿ ಹುಡುಗ ಸಿಕ್ಕ. ಕೊಬ್ಬರಿ ಸುಡುವ ಹೊಗೆಯ ಆಚೆ ನಿಂತು ಮಾತಾಡಿಸಿದ. ಅಕ್ಕನಿಗೆ ಬೇರೆ ಕಡೆ ಗೊತ್ತಾಗಿದೆ, ಬರಬೇಕು ಅಂದ. ರಥದ ಕಡೆಗೆ ತಿರುಗಿ ನಾವು ಅಭ್ಯಾಸದಂತೆ ಮೊಬೈಲ್ ಎತ್ತಿದೆವು. ಅವನು ಕೈಯಲ್ಲಿದ್ದ ತನ್ನ ಮೊಬೈಲನ್ನು ಜೇಬಿಗೆ ಹಾಕಿಕೊಂಡ. 'ಈಗ ತೆಗೀರಿ ಅಣ್ಣ' ಅಂದ.